ಓದದೆ ಒತ್ತಿದ ‘ಹೌದು’

ಒಂದೇ ಗಣಕಯಂತ್ರವನ್ನು ಮೂವರು ನಾಲ್ವರು ಹಂಚಿಕೊಂಡಿರುವ ಮನೆಯಲ್ಲಿ ದಿನದ ಮೊದಲ ಮುನಿಸು ಹುಟ್ಟುವುದು ಅದರ ಮುಂದೆಯೇ. ಒಬ್ಬರಿಗೆ ಅಕ್ಷರ ದೊಡ್ಡದಾಗಬೇಕು, ಇನ್ನೊಬ್ಬರಿಗೆ ಚಿಕ್ಕದಾಗಬೇಕು. ಒಬ್ಬರಿಗೆ ಸದ್ದು ಬೇಕು, ಇನ್ನೊಬ್ಬರಿಗೆ ಮೌನ ಬೇಕು. ಬಂದವರು ಬಂದಂತೆ ತಮಗೆ ಬೇಕಾದ ಹಾಗೆ ತಿರುಚಿ ಎದ್ದುಹೋಗುತ್ತಾರೆ. ಆಮೇಲೆ ಬಂದು ಕುಳಿತವರು ಮೊದಲು ಕುಳಿತಿದ್ದವರ ಮೇಲೆ ಗೊಣಗುತ್ತಾರೆ. ಇಂತಹ ಮುನಿಸನ್ನು ಯಾರೂ ದೊಡ್ಡದೆಂದು ಎಣಿಸುವುದಿಲ್ಲ. ಮೊಹರು ಮಾಡುವವನ ಮನೆಯಲ್ಲಿಯೂ ಎಣಿಸಿರಲಿಲ್ಲ.

ಅವನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಬೀದಿಯ ಕಡೆಗೆ ಅಗಲವಾದ ಕಿಟಕಿ, ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ಎಡಕ್ಕೆ ಗಣಕಯಂತ್ರ, ಬಲಕ್ಕೆ ಅಚ್ಚಿಗೆ ಬೆಳಕು ಕೊಡುವ ತಗಡಿನ ಪೆಟ್ಟಿಗೆ. ಗಿರಾಕಿ ಬರೆದುಕೊಟ್ಟ ಅಕ್ಷರಗಳನ್ನು ಅವನು ಪರದೆಯ ಮೇಲೆ ಜೋಡಿಸಿ, ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ, ಪೆಟ್ಟಿಗೆಯಲ್ಲಿಟ್ಟು ರಬ್ಬರಿನ ಮೇಲೆ ಮೂಡಿಸುತ್ತಿದ್ದ. ಆ ರಬ್ಬರನ್ನು ತೊಳೆದು, ಒಣಗಿಸಿ, ಅಂಚು ಕತ್ತರಿಸಿ, ಮರದ ಹಿಡಿಗೆ ಅಂಟಿಸುವ ಕೆಲಸ ಅವನ ಅಕ್ಕನದು. ಅಕ್ಕನಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಎರಡು ಕಣ್ಣುಗಳನ್ನೂ ಕೊಂಡುಹೋಗಿತ್ತು. ಆದರೂ ಉಬ್ಬಿದ ಅಕ್ಷರಗಳ ಮೇಲೆ ಹೆಬ್ಬೆರಳನ್ನು ಆಡಿಸಿ ಅವಳು ತಿರುಗಿ ನಿಂತ ಬರಹವನ್ನು ಓದಿಬಿಡುವಳು. ಸಾಲು ಕೂದಲೆಳೆಯಷ್ಟು ಓರೆಯಾಗಿದ್ದರೂ ತಮ್ಮನಿಗೆ ಹಿಂದಿರುಗಿಸುವಳು.

ಮೊಹರಿನವನಿಗೆ ಒಂದು ಕಟ್ಟುನಿಟ್ಟಿತ್ತು. ಹೆಸರಿನ ಮೊಹರು, ವಿಳಾಸದ ಮೊಹರು ಯಾರಿಗಾದರೂ ಸರಿ. ಅಧಿಕಾರದ ಮೊಹರಾದರೆ ಮಾತ್ರ ಕಚೇರಿಯ ಕಾಗದದ ಮೇಲೆ ಸಹಿಯಾದ ಪತ್ರ ಬೇಕೇ ಬೇಕು. ಪತ್ರ ಮರೆತುಬಂದ ಮುಖ್ಯೋಪಾಧ್ಯಾಯರೊಬ್ಬರನ್ನು ಅವನು ಮಧ್ಯಾಹ್ನದ ಬಿಸಿಲಿನಲ್ಲಿ ವಾಪಸು ಕಳುಹಿಸಿದ್ದ. ಅವರು ಅವನಿಗೇ ಪಾಠ ಹೇಳಿದ್ದ ಗುರುಗಳು. ಬೀದಿಯವರು ಇವನನ್ನು ಹುರಿದ ಕಡ್ಲೆಯಷ್ಟು ಗಟ್ಟಿ ಎಂದು ಆಡಿಕೊಂಡರೂ, ಕಳ್ಳ ಮೊಹರು ಈ ಅಂಗಡಿಯಿಂದ ಹೊರಟಿಲ್ಲವೆಂಬುದನ್ನು ಎಲ್ಲರೂ ಒಪ್ಪುತ್ತಿದ್ದರು.

ಗಣಕಯಂತ್ರದ ವಿಷಯಕ್ಕೆ ಬಂದರೆ ಈ ಕಟ್ಟುನಿಟ್ಟು ಎಲ್ಲಿಯೂ ಕಾಣುತ್ತಿರಲಿಲ್ಲ. ಗುಂಡಿ ಒತ್ತಿದರೆ ಯಂತ್ರವು ಯಾರೆಂದು ಕೇಳದೆ ತೆರೆದುಕೊಳ್ಳುತ್ತಿತ್ತು. ಮನೆಗೆಲ್ಲ ಒಂದೇ ಖಾತೆ. ಆ ಖಾತೆಗೆ ಎಲ್ಲ ಅಧಿಕಾರವೂ ಉಂಟು. ಅವನ ಹೆಂಡತಿ ಶಿಶುವಿಹಾರದ ಶಿಕ್ಷಕಿ. ಸಂಜೆ ಬಂದು ಮಕ್ಕಳ ಚಿತ್ರಗಳನ್ನು ಹುಡುಕುವಾಗ ಪರದೆಯ ಅಕ್ಷರಗಳನ್ನು ಕುಂಬಳಕಾಯಿಯಷ್ಟು ಮಾಡಿಕೊಳ್ಳುವಳು. ಬೆಳಗ್ಗೆ ಅವನು ಅವನ್ನು ಸಾಸಿವೆಗೆ ಇಳಿಸುವನು. ಗಿರಾಕಿಗಳು ಸಹ ತಮ್ಮ ಬರಹವನ್ನು ತಾವೇ ತಿದ್ದಲು ಕುರ್ಚಿ ಎಳೆದುಕೊಂಡು ಕೂರುವರು. ಅಕ್ಕ ಮಧ್ಯಾಹ್ನ ಕೂರುವಳು. ಅವಳಿಗಾಗಿ, ಪರದೆಯಲ್ಲಿರುವುದನ್ನೆಲ್ಲ ಓದಿ ಹೇಳುವ ಒಂದು ತಂತ್ರಾಂಶವನ್ನು ಅವಳ ಬಾಲ್ಯದ ಗೆಳತಿ ಹಾಕಿಕೊಟ್ಟಿದ್ದಳು. ಬೆರಳು ಯಾವ ಕೀಲಿಯ ಮೇಲೆ ಬಿದ್ದರೂ ಅದು ಅಕ್ಷರವನ್ನು ಉಚ್ಚರಿಸುತ್ತಿತ್ತು. ತಮ್ಮನಿಗೆ ಅದನ್ನು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಅವಳು ಎದ್ದ ಕೂಡಲೇ ಅವನು ಆ ದನಿಯನ್ನು ಆರಿಸುವನು. ಮರುದಿನ ಅವಳು ತಡವಿ ತಡವಿ ಅದನ್ನು ಮತ್ತೆ ಎಬ್ಬಿಸುವಳು. ಹೀಗೆ ಎರಡು ವರ್ಷ ನಡೆದಿತ್ತು.

ಆ ಗೆಳತಿ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿ. ಹನ್ನೆರಡು ಗಣಕಯಂತ್ರಗಳನ್ನು ದಿನಕ್ಕೆ ನೂರು ಜನರ ಕೈಗೆ ಕೊಟ್ಟು, ಸಂಜೆ ಹನ್ನೆರಡನ್ನೂ ಸ್ವಸ್ಥವಾಗಿ ಮುಚ್ಚಿ ಮನೆಗೆ ಹೋಗುವ ಹೆಂಗಸು. ಒಂದು ದಿನ ಅವಳು ಬಂದಾಗ ಅಕ್ಕ ದನಿಯನ್ನು ಹುಡುಕುತ್ತ ಕಾಲು ಗಂಟೆ ಕಳೆದುದನ್ನು ನೋಡಿ, ಮೊಹರಿನವನ ಕಡೆಗೆ ತಿರುಗಿದಳು.

“ತಮ್ಮಾ, ಯಾರಾದ್ರೂ ಬಂದು ದೊಡ್ಡ ಆಫೀಸರ್ ಸೀಲು ಮಾಡ್ಕೊಡು ಅಂದ್ರೆ ಮಾಡ್ಕೊಡ್ತೀಯಾ?”

“ಪತ್ರ ಇಲ್ದೆ ಮುಟ್ಟೋದೂ ಇಲ್ಲ.”

“ನಿಮ್ಮಪ್ಪನೇ ಬಂದು ಕೇಳಿದ್ರೆ?”

“ನಮ್ಮಪ್ಪ ಈಗ ಎದ್ದು ಬಂದ್ರೆ ಸೀಲು ಕೇಳಲ್ಲಕ್ಕಾ, ಮೊದಲು ಕಾಫಿ ಕೇಳ್ತಾರೆ.”

ಗ್ರಂಥಪಾಲಕಿ ನಕ್ಕಳು, ಆದರೆ ಮಾತು ಬಿಡಲಿಲ್ಲ. “ಈ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಅನ್ನೋದೂ ಒಂದು ಸೀಲೇ ಕಣೋ. ಏನು ಹಾಕ್ಬೇಕು, ಏನು ತೆಗೀಬೇಕು, ಎಲ್ಲಾ ಆ ಸೀಲು ಬಿದ್ರೆ ಆಯ್ತು. ನೀನು ಅದನ್ನ ಮೇಜಿನ ಮೇಲೆ ಇಟ್ಟು, ಕೂತವರಿಗೆಲ್ಲ ಒತ್ಕೊಳ್ಳಿ ಅಂತ ಬಿಟ್ಟಿದ್ದೀಯ.”

ಆಮೇಲೆ ಅವಳು ಬಿಡಿಸಿ ಹೇಳಿದಳು. ಪ್ರತಿಯೊಬ್ಬರಿಗೂ ಒಂದೊಂದು ಸಾಮಾನ್ಯ ಖಾತೆ ಇರಲಿ. ಅಕ್ಷರದ ಗಾತ್ರ, ಓದುವ ದನಿ, ಎಲ್ಲವೂ ಅವರವರ ಖಾತೆಯಲ್ಲಿ ಅವರವರ ಇಷ್ಟದಂತೆ ಉಳಿಯುತ್ತವೆ, ಒಬ್ಬರದು ಇನ್ನೊಬ್ಬರನ್ನು ಮುಟ್ಟುವುದಿಲ್ಲ. ಯಂತ್ರದ ಒಳಗಿನ ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ಮಾತ್ರ ಬೇರೆಯೇ ಒಂದು ಖಾತೆಯಲ್ಲಿರಲಿ; ಅದಕ್ಕೆ ಪಾಸ್‌ವರ್ಡ್ ಇರಲಿ; ಅದನ್ನು ದಿನದ ಕೆಲಸಕ್ಕೆ ಬಳಸುವುದು ಬೇಡ. ಅರ್ಧ ಗಂಟೆಯ ಕೆಲಸ, ಈಗಲೇ ಮಾಡಿಕೊಡುತ್ತೇನೆ ಎಂದಳು.

ಮೊಹರಿನವನು ಕೈ ಅಲ್ಲಾಡಿಸಿದ. “ಅಂಗಡಿ ಬೇರೆ, ಮನೆ ಬೇರೆ ಅಕ್ಕಾ. ಒಡಹುಟ್ಟಿದವಳ ಮುಂದೆ, ಕಟ್ಕೊಂಡವಳ ಮುಂದೆ ಪಾಸ್‌ವರ್ಡ್ ಇಟ್ಕೊಂಡು ಕೂರೋಕೆ ನಾನೇನು ಬ್ಯಾಂಕಾ?”

“ಆಗಿದ್ರೆ ಚೆನ್ನಾಗಿತ್ತು,” ಎಂದು ಅವನ ಹೆಂಡತಿ ಒಳಗಿನಿಂದಲೇ ಹೇಳಿದಳು.

“ಇದು ಮನುಷ್ಯರ ಮೇಲಿನ ಅಪನಂಬಿಕೆ ಅಲ್ಲ,” ಎಂದಳು ಗ್ರಂಥಪಾಲಕಿ. “ಅವಸರದ ಮೇಲಿನ ಅಪನಂಬಿಕೆ. ನನ್ನ ಲೈಬ್ರರೀಲಿ ನನಗೇ ಎರಡು ಖಾತೆ ಇದೆ. ದಿನಾ ಕೆಲಸ ಮಾಡೋದು ಚಿಕ್ಕದರಲ್ಲಿ. ಯಾಕಂದ್ರೆ ನನ್ನ ಕೈಯನ್ನೂ ನಾನು ಪೂರ್ತಿ ನಂಬಲ್ಲ.”

ಅಕ್ಕ ಏನನ್ನೋ ಹೇಳಲು ಬಾಯಿ ತೆರೆದವಳು, ತಮ್ಮನ ಉಸಿರಿನ ಬಿರುಸನ್ನು ಕೇಳಿ ಸುಮ್ಮನಾದಳು. ಕೊನೆಗೆ, “ಇರ್ಲಿ ಬಿಡೇ, ಅವನಿಗಿಷ್ಟ ಇಲ್ದಿದ್ರೆ ಬೇಡ,” ಎಂದು ಗೆಳತಿಯ ಮೊಣಕೈ ತಟ್ಟಿದಳು. ಅವಳಿಗೆ ಅದು ಬೇಕಿತ್ತೆಂಬುದು ಅವನಿಗೆ ಆಗಲೇ ತಿಳಿದಿತ್ತು. ತಿಳಿದೂ ಅವನು ಮೇಜಿನ ಧೂಳು ಒರೆಸುವ ಕೆಲಸಕ್ಕೆ ತೊಡಗಿದ.

ಅದೇ ತಿಂಗಳಲ್ಲಿ ದೊಡ್ಡ ಆಸ್ಪತ್ರೆಯ ದೂರವಾಣಿ ವಿಚಾರಣೆಗೆ ಒಬ್ಬರು ಬೇಕೆಂಬ ಪ್ರಕಟಣೆ ಬಂದಿತು. ಕಣ್ಣು ಕಾಣದವರಿಗೆಂದೇ ಮೀಸಲಾದ ಹುದ್ದೆ. ಹಿಂದಿನ ಸಲ ಇಂತಹ ಹುದ್ದೆ ತೆರವಾಗಿ ಒಂಬತ್ತು ವರ್ಷವಾಗಿತ್ತು. ವಯಸ್ಸಿನ ಮಿತಿ ನಲವತ್ತೈದು. ಅಕ್ಕನಿಗೆ ನಲವತ್ತೈದು ತುಂಬಲು ನಾಲ್ಕು ತಿಂಗಳು ಉಳಿದಿದ್ದವು. ಪರೀಕ್ಷೆಯನ್ನು ಮನೆಯ ಗಣಕಯಂತ್ರದಲ್ಲಿಯೇ ಕೊಡಬಹುದು. ಬೆಳಗ್ಗೆ ಹತ್ತಕ್ಕೆ ಪ್ರವೇಶ ತೆರೆಯುತ್ತದೆ, ಹತ್ತೂಕಾಲಿಗೆ ಮುಚ್ಚುತ್ತದೆ. ಓದುವ ದನಿಯ ನೆರವು ಪಡೆಯಬಹುದು. ಕೋಣೆಯಲ್ಲಿ ಇನ್ನೊಬ್ಬ ಮನುಷ್ಯನ ದನಿ ಕೇಳಿಸಿದರೆ ಪರೀಕ್ಷೆ ರದ್ದು.

ಏಳು ವಾರ ಅವಳು ಅಭ್ಯಾಸ ಮಾಡಿದಳು. ಗ್ರಂಥಪಾಲಕಿ ಹಳೆಯ ಪ್ರಶ್ನೆಗಳನ್ನು ತಂದುಕೊಟ್ಟಳು, ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ದನಿ ಏಳುವಂತೆಯೂ ಮಾಡಿಕೊಟ್ಟಳು. ಅಕ್ಕ ಕಿವಿಯಲ್ಲಿ ಕೇಳಿದ್ದನ್ನು ಬೆರಳಿಗೆ ಇಳಿಸುವ ವೇಗ ಮೊದಲು ನಿಮಿಷಕ್ಕೆ ಹದಿನೆಂಟು ಪದ, ಆಮೇಲೆ ಇಪ್ಪತ್ತೈದು, ಆಮೇಲೆ ಮೂವತ್ತು ದಾಟಿತು. ತಮ್ಮನಿಗೆ ಒಳಗೊಳಗೇ ಆಶ್ಚರ್ಯ, ಸ್ವಲ್ಪ ಅಳುಕು ಸಹ. ಇಷ್ಟು ವರ್ಷ ತಾನು ಅವಳನ್ನು ಸಾಕುತ್ತಿದ್ದೇನೆಂದು ಎಲ್ಲಿಯೋ ಒಂದು ಮೂಲೆಯಲ್ಲಿ ಅವನು ಹೆಮ್ಮೆಪಟ್ಟುಕೊಂಡಿದ್ದ. ಒಮ್ಮೆ ಕೇಳಿಯೇ ಬಿಟ್ಟ: ಇಲ್ಲಿ ನಿನಗೇನು ಕಡಿಮೆಯಾಗಿದೆ?

ಅವಳು ರಬ್ಬರಿನ ಅಂಚು ಸವರುತ್ತ ಉತ್ತರಿಸಿದಳು: “ಏನೂ ಕಮ್ಮಿ ಆಗಿಲ್ಲ ಕಣೋ. ಸೀಲು ಅಂಟಿಸೋದೂ ಕೆಲಸಾನೇ. ಆದ್ರೆ ನಾನು ಹೋಗದಿದ್ರೆ ಖಾಲಿ ಇರೋ ಅಂಥ ಒಂದು ಕುರ್ಚಿ ಬೇಕು ಅನ್ಸುತ್ತೆ.”

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹೋಟೆಲಿನ ವ್ಯವಸ್ಥಾಪಕನೊಬ್ಬ ಬಂದು ಹನ್ನೊಂದು ಮೊಹರು ಮರುದಿನ ಬೆಳಗ್ಗೆಯೇ ಬೇಕೆಂದ. ಅಕ್ಷರ ಜೋಡಿಸುವಾಗ ಯಂತ್ರ ಆಮೆಯಂತೆ ತೆವಳಿತು. ಇದರೊಳಗೆ ಕಸ ತುಂಬಿದೆ, ಗುಡಿಸುವ ತಂತ್ರಾಂಶವೊಂದಿದೆ, ತಾನೂ ಹೋಟೆಲಿನಲ್ಲಿ ಹಾಕಿಕೊಂಡಿದ್ದೇನೆ ಎಂದು ಗಿರಾಕಿ ಹೆಸರು ಬರೆದುಕೊಟ್ಟು ಹೋದ.

ಸಂಜೆ ಆರರ ಹೊತ್ತಿಗೆ ಮೊಹರಿನವನು ಅದನ್ನು ಹುಡುಕಿ ಇಳಿಸಿಕೊಂಡ. ಪರದೆಯ ಮೇಲೆ ಒಂದು ಚೌಕ ಮೂಡಿತು: ಈ ತಂತ್ರಾಂಶವು ನಿಮ್ಮ ಯಂತ್ರದ ವ್ಯವಸ್ಥೆಯಲ್ಲಿ ಬದಲಾವಣೆ ಮಾಡಲು ಒಪ್ಪುವಿರಾ? ಅವನು ‘ಹೌದು’ ಒತ್ತಿದ. ಇವಿಲ್ಲದೆಯೂ ಯಂತ್ರ ನಡೆಯುತ್ತದೆಂದು ಅದು ಮೂವತ್ತೇಳು ಹೆಸರುಗಳ ಪಟ್ಟಿಯನ್ನು ತೋರಿಸಿತು. ಬಹುಪಾಲು ಅಪರಿಚಿತ ಹೆಸರುಗಳು. ಒಂದೊಂದನ್ನೇ ಓದುವ ವ್ಯವಧಾನ ಅವನಿಗಿರಲಿಲ್ಲ. ತಗಡಿನ ಪೆಟ್ಟಿಗೆಯಲ್ಲಿ ರಬ್ಬರು ಬಿಸಿಯಾಗುತ್ತಿತ್ತು. ‘ಎಲ್ಲವನ್ನೂ ಆಯ್ಕೆಮಾಡು’ ಒತ್ತಿದ. ಖಚಿತವೇ ಎಂದು ಯಂತ್ರ ಕೇಳಿತು. ಮತ್ತೆ ‘ಹೌದು’. ಅಡುಗೆಮನೆಯಲ್ಲಿ ಅಕ್ಕ ತರಕಾರಿ ಹೆಚ್ಚುತ್ತ, “ನಮಸ್ಕಾರ, ವಿಚಾರಣೆ, ಯಾವ ವಿಭಾಗ ಬೇಕು ಹೇಳಿ,” ಎಂದು ಬೇರೆ ಬೇರೆ ದನಿಯಲ್ಲಿ ಹೇಳಿನೋಡುತ್ತಿದ್ದಳು. ಅವನ ಹೆಂಡತಿ, “ಹೊಟ್ಟೆ ನೋವಿನ ವಿಭಾಗ ಕೊಡಮ್ಮಾ, ನಿಮ್ಮ ತಮ್ಮನ ಅಡುಗೆ ತಿಂದಿದ್ದೀನಿ,” ಎಂದು ರೇಗಿಸುತ್ತಿದ್ದಳು. ಆ ನಗುವನ್ನು ಕೇಳುತ್ತಲೇ ಅವನು ಮೂವತ್ತೇಳನ್ನೂ ಅಳಿಸಿದ. ಯಂತ್ರ ಚುರುಕಾಯಿತು. ಅವನಿಗೆ ಸಂತೋಷವಾಯಿತು.

ಬೆಳಗ್ಗೆ ಎಂಟಕ್ಕೆ ಅಕ್ಕ ಬಂದು, ಒಂದು ಸಲ ಕೂತು ನೋಡಲೇ ಎಂದು ಕೇಳಿದಳು. ಇನ್ನೂ ನಾಲ್ಕು ಮೊಹರಿನ ಅಕ್ಷರ ಬಾಕಿಯಿತ್ತು. ಒಂಬತ್ತೂವರೆಗೆ ಖಂಡಿತ ಬಿಟ್ಟುಕೊಡುತ್ತೇನೆಂದು ಅವನು ಹೇಳಿದ. ಅವಳು ಒಗೆದ ಸೀರೆಯುಟ್ಟು, ಬಾಗಿಲ ಬಳಿಯ ಮಣೆಯ ಮೇಲೆ ಕೈಕಟ್ಟಿ ಕುಳಿತು ಕಾದಳು. ದೇವರನ್ನು ನೆನೆಯುತ್ತಿದ್ದಳೋ, ಪದಗಳನ್ನು ನೆನೆಯುತ್ತಿದ್ದಳೋ, ತುಟಿ ಮಾತ್ರ ಅಲುಗುತ್ತಿತ್ತು. ಒಂಬತ್ತೂ ಮೂವತ್ತೈದಕ್ಕೆ ಅವನು ಎದ್ದ. ಅವಳು ಕುಳಿತು, ದನಿಯನ್ನು ಎಬ್ಬಿಸುವ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು.

ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿದಳು.

“ದನಿ ಬರ್ತಿಲ್ಲ ಕಣೋ.”

ಸದ್ದು ಇಳಿದಿರಬೇಕೆಂದು ಅವನು ಬಂದು ನೋಡಿದ. ಸದ್ದು ಪೂರ್ತಿಯಾಗಿತ್ತು. ತಂತ್ರಾಂಶದ ಹೆಸರನ್ನು ಹುಡುಕಿದ. ಇರಬೇಕಾದ ಜಾಗದಲ್ಲಿ ಇರಲಿಲ್ಲ, ಬೇರೆಲ್ಲಿಯೂ ಇರಲಿಲ್ಲ. ಹಿಂದಿನ ಸಂಜೆಯ ಪಟ್ಟಿ ಕಣ್ಣ ಮುಂದೆ ಮೇಲಿನಿಂದ ಕೆಳಗೆ ಹರಿಯಿತು. ಏನಾಯಿತೆಂದು ಅವಳು ಕೇಳಿದಳು. ಅವನು ಅದೇ ಹೆಸರನ್ನು ಮತ್ತೆ ಹುಡುಕತೊಡಗಿದ.

ಹೆಂಡತಿ ಗ್ರಂಥಪಾಲಕಿಗೆ ಕರೆ ಮಾಡಿ ದೂರವಾಣಿಯನ್ನು ಅವನ ಕೈಗಿತ್ತಳು.

“ನಿನ್ನೆ ಏನಾದ್ರೂ ತೆಗೆದ್ಯಾ?” ಎಂದು ಆ ಕಡೆಯಿಂದ ಪ್ರಶ್ನೆ ಬಂತು.

“ಕಸ ಇತ್ತು. ಗುಡಿಸ್ದೆ.”

“ಯಾವ ಕಸ?”

ಕೀಲಿಗಳ ಮೇಲಿದ್ದ ಅಕ್ಕನ ಬೆರಳುಗಳು ಹಾಗೆಯೇ ನಿಂತವು. ಅವಳಿಗೆ ಅರ್ಥವಾಯಿತೆಂದು ಅವನಿಗೆ ತಿಳಿಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಗ್ರಂಥಪಾಲಕಿ ಹೇಳುತ್ತಹೋದಳು, ಅವನು ಮಾಡುತ್ತಹೋದ. ತಂತ್ರಾಂಶವನ್ನು ಹೊಸದಾಗಿ ಇಳಿಸಿಕೊಳ್ಳಬೇಕು, ಅದರ ನಂತರ ಕನ್ನಡ ದನಿಯನ್ನು ಬೇರೆಯಾಗಿ ಇಳಿಸಬೇಕು, ಆಮೇಲೆ ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಬೇಕು. ಪರದೆಯ ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಇರುವೆಯಂತೆ ಹರಿಯಿತು. ಹತ್ತು ಹೊಡೆಯಿತು. ಗೆರೆ ಅರ್ಧಕ್ಕೆ ಬಂದಿತ್ತು. ಗ್ರಂಥಾಲಯಕ್ಕೆ ಕರೆದುಕೊಂಡು ಹೋಗೋಣವೆಂದರೆ ಅದು ಊರಿನ ಆಚೆಯ ತುದಿ, ನಲವತ್ತು ನಿಮಿಷದ ದಾರಿ. ಹತ್ತೂ ಎಂಟಕ್ಕೆ ಅವನು ತಡೆಯಲಾರದೆ, “ಅಕ್ಕಾ, ನಾನೇ ಮೆಲ್ಲಗೆ ಓದಿ ಹೇಳ್ತೀನಿ. ಯಾರಿಗೂ ಕೇಳಿಸಲ್ಲ,” ಎಂದ.

“ಬೇಡ.”

“ಒಂದೇ ಸಲ, ಅಕ್ಕಾ.”

“ಸಿಕ್ಕಿಬಿದ್ರೆ ಹೊರಗೆ ಹಾಕ್ತಾರೆ. ಸಿಕ್ಕಿಬೀಳದಿದ್ರೂ ಬೇಡ. ನಾಳೆ ಆ ಕುರ್ಚಿ ಮೇಲೆ ಕೂತು ನಿನ್ನ ಕಣ್ಣಲ್ಲಿ ಫೋನ್ ಎತ್ಲಾ?”

ಹತ್ತೂಕಾಲಾಯಿತು. ಹೆಂಡತಿ ಅಕ್ಕನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಕಿಟಕಿಯಲ್ಲಿ ಹೋಟೆಲಿನ ಆಳು ಬಂದು ಮೊಹರುಗಳನ್ನು ಕೇಳಿದ, ಆಗಿದ್ದಷ್ಟನ್ನು ಯಾರೋ ಎತ್ತಿಕೊಟ್ಟರು. ಹತ್ತೂ ಮೂವತ್ತೆಂಟಕ್ಕೆ ಯಂತ್ರ ಮತ್ತೆ ಎದ್ದಿತು, ಅಕ್ಕ ಮೂರು ಕೀಲಿಗಳನ್ನು ಒತ್ತಿದಳು, ಪರೀಕ್ಷೆಯ ಪುಟ ತೆರೆಯಿತು, ದನಿ ಬಂದಿತು. ಎಂದಿನಂತೆಯೇ ಸ್ಪಷ್ಟವಾದ, ಭಾವವಿಲ್ಲದ, ಸೌಜನ್ಯದ ದನಿ.

‘ಪ್ರವೇಶದ ಅವಧಿ ಮುಗಿದಿದೆ. ಧನ್ಯವಾದಗಳು.’

ಅವಳು ಅದನ್ನು ಎರಡು ಸಲ ಓದಿಸಿದಳು. ಆಮೇಲೆ ಎದ್ದು, ಗೋಡೆ ಹಿಡಿದು ಒಳಗೆ ಹೋದಳು. ತನ್ನ ಮನೆಯಲ್ಲಿ ಅವಳು ಗೋಡೆ ಹಿಡಿದು ನಡೆದದ್ದನ್ನು ಅವನು ಹದಿನೆಂಟು ವರ್ಷಗಳಲ್ಲಿ ನೋಡಿರಲಿಲ್ಲ.

ಹೆಂಡತಿ ಆಸ್ಪತ್ರೆಗೆ ನಾಲ್ಕು ಸಲ ಕರೆ ಮಾಡಿದಳು. ಅವನು ಪತ್ರ ಬರೆದ. ತಪ್ಪು ತನ್ನದು, ಅಕ್ಕನದಲ್ಲ, ಒಂದೇ ಒಂದು ಅವಕಾಶ ಕೊಡಿ ಎಂದು ಬೇಡಿದ. ಒಂಬತ್ತನೆಯ ದಿನ ಮೂರು ಸಾಲಿನ ಉತ್ತರ ಬಂತು. ನಿಯಮದಂತೆ ಅವಧಿ ಮೀರಿದವರನ್ನು ಪರಿಗಣಿಸಲಾಗದು. ಕೆಳಗೆ ಸಹಿ, ಸಹಿಯ ಕೆಳಗೆ ನೀಲಿ ಮೊಹರು. ಅದನ್ನು ಅವನೇ ಎರಡು ವರ್ಷದ ಹಿಂದೆ ಪತ್ರ ಕೇಳಿ, ಪರೀಕ್ಷಿಸಿ ಮಾಡಿಕೊಟ್ಟಿದ್ದ.

ಆ ಮೇಲಿನ ದಿನಗಳು ಬೇಗೆಯಂತೆ ಕಳೆದವು. ಅಕ್ಕ ಗಣಕಯಂತ್ರದ ಮುಂದೆ ಕೂರುವುದನ್ನೇ ಬಿಟ್ಟಳು. ಮಧ್ಯಾಹ್ನ ಅವನು ತಾನಾಗಿ ದನಿಯನ್ನು ಎಬ್ಬಿಸಿ, ಕುರ್ಚಿ ಎಳೆದಿಟ್ಟು ಕಾಯುವನು. ದನಿ ಖಾಲಿ ಕೋಣೆಗೆ ಗಂಟೆ ನಿಮಿಷಗಳನ್ನು ಹೇಳುತ್ತ ಇರುವುದು. ಅವಳು ರಬ್ಬರು ಕತ್ತರಿಸುವಳು, ಅಂಟಿಸುವಳು, ಕರೆದರೆ ಉತ್ತರಿಸುವಳು. ಅಡುಗೆಮನೆಯಲ್ಲಿ ನಗು ಕೇಳಿಸಲಿಲ್ಲ. ಅವಳು ಒಮ್ಮೆ ಚೀರಿ ಬೈದಿದ್ದರೆ, ಮೂರು ದಿನ ಮಾತು ಬಿಟ್ಟಿದ್ದರೆ, ಅದನ್ನು ಹೊತ್ತುಕೊಳ್ಳಬಹುದಿತ್ತು. ಒಂದು ದಿನ ಅವನು ಅವಳ ಮುಂದೆ ನೆಲದ ಮೇಲೆ ಕುಳಿತು, ಬಾಯಿಗೆ ಬಂದಂತೆ ಬೈದುಬಿಡು ಎಂದು ಕೇಳಿಕೊಂಡ.

ಅಕ್ಕ ಕತ್ತರಿಯನ್ನು ಕೆಳಗಿಟ್ಟಳು. “ಬೈದ್ರೆ ನಿನಗೆ ಹಗುರ ಆಗುತ್ತೆ ಕಣೋ. ನನಗೇನೂ ಆಗಲ್ಲ.”

ರಬ್ಬರಿನ ಚೂರುಗಳನ್ನು ಬಳಿದು ಒಟ್ಟುಮಾಡುತ್ತ ಅವಳೇ ಮತ್ತೆ ಹೇಳಿದಳು: “ನೀನು ಕೆಟ್ಟದ್ದು ಮಾಡ್ಲಿಲ್ಲ. ಅದೇ ನನಗೆ ಸಂಕಟ. ಕೆಟ್ಟದ್ದು ಮಾಡಿದ್ರೆ ಸಿಟ್ಟಾದ್ರೂ ಮಾಡ್ಕೋಬಹುದಿತ್ತು. ಸುಮ್ನೆ ಒಂದು ಬಟನ್ ಒತ್ತಿದ್ದೀಯ.”

ಮರುದಿನ ಅವನೇ ಗ್ರಂಥಪಾಲಕಿಯ ಬಳಿಗೆ ಹೋಗಿ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, ರಜೆಯ ದಿನ ಬರಬೇಕೆಂದು ಕೇಳಿದ. ನಾನು ಆವತ್ತೇ ಹೇಳಿರಲಿಲ್ಲವೇ ಎಂಬ ಮಾತನ್ನು ಅವಳು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೆಂದು ಅವನಿಗೆ ಅನ್ನಿಸಿತು.

ಅವಳು ಬಂದು ಯಂತ್ರದ ಮುಂದೆ ಕುಳಿತಾಗ ಮನೆಯವರೆಲ್ಲ ಸುತ್ತ ನಿಂತರು. ಇದರಿಂದ ಆದದ್ದು ಹಿಂದಿರುಗುತ್ತದೆಯೇ ಎಂದು ಅವನ ಹೆಂಡತಿ ಕೇಳಿದಳು.

“ಇಲ್ಲಮ್ಮ,” ಎಂದಳು ಗ್ರಂಥಪಾಲಕಿ. “ಇನ್ನೊಂದು ಆಗಬಾರದು ಅಂತ, ಅಷ್ಟೇ.”

ಅವಳು ಮೊದಲು ಸರ್ವಾಧಿಕಾರದ ಖಾತೆಯನ್ನು ಪ್ರತ್ಯೇಕಿಸಿದಳು. ಮೂವರಿಗೂ ಒಂದೊಂದು ಸಾಮಾನ್ಯ ಖಾತೆ ತೆರೆದಳು. ಗಿರಾಕಿಗಳಿಗೆಂದು ನಾಲ್ಕನೆಯದನ್ನು ತೆರೆದು, ಅದರಲ್ಲಿ ಬರಹ ತಿದ್ದುವುದಲ್ಲದೆ ಬೇರೇನನ್ನೂ ಮುಟ್ಟಲಾಗದಂತೆ ಮಾಡಿದಳು. ಅಕ್ಕನ ಖಾತೆಗೆ ಪ್ರವೇಶಿಸುತ್ತಿದ್ದಂತೆಯೇ ದನಿ ತಾನಾಗಿ ಏಳುವಂತೆ ಇಟ್ಟಳು. ತಮ್ಮನ ಖಾತೆಯಲ್ಲಿ ಅದು ಎಂದೂ ಏಳದು, ಅವನು ಆರಿಸುವ ಪ್ರಮೇಯವೇ ಇಲ್ಲ. ಹೆಂಡತಿಯ ಅಕ್ಷರಗಳು ಅವಳ ಖಾತೆಯಲ್ಲಿ ಅವಳಿಗೆ ಬೇಕಾದಷ್ಟು ದೊಡ್ಡದಾಗಿ ನಿಂತವು. ಓದುವ ತಂತ್ರಾಂಶದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತೆಗೆದು ಅಕ್ಕನ ಕೈಗಿತ್ತಳು. ನಲವತ್ತು ನಿಮಿಷ ಹಿಡಿಯಿತು. ಗೋಡೆಯ ಗಡಿಯಾರವನ್ನು ನೋಡುತ್ತ ನಿಂತಿದ್ದ ಮೊಹರಿನವನು, ಈ ನಲವತ್ತು ನಿಮಿಷವನ್ನು ತಾನು ಅಂದು ಯಾವುದಕ್ಕೆ ಉಳಿಸಿಕೊಂಡೆನೆಂದು ಯೋಚಿಸಿದ. ಧೂಳು ಒರೆಸಿದ್ದು ಮಾತ್ರ ನೆನಪಾಯಿತು.

ಅಧಿಕಾರದ ಖಾತೆಗೆ ಪಾಸ್‌ವರ್ಡ್ ಇಡುವುದು ಬಾಕಿ ಉಳಿಯಿತು. ಯಾರ ಬಳಿ ಇರಬೇಕೆಂಬ ಮಾತು ಬಂದಿತು. ಹೆಂಡತಿ ಗಂಡನನ್ನು ನೋಡಿದಳು. ಗಂಡ ಅಕ್ಕನನ್ನು ನೋಡಿದ.

“ಅಕ್ಕನ ಹತ್ರ ಇರ್ಲಿ,” ಎಂದ.

“ನನಗ್ಯಾಕೆ?”

“ಯಂತ್ರ ಕೇಳಿದ್ದನ್ನ ಪೂರ್ತಿ ಕೇಳಿಸ್ಕೊಳ್ಳೋಳು ಈ ಮನೇಲಿ ನೀನೊಬ್ಬಳೇ.”

ಅಕ್ಕ ಕುರ್ಚಿಗೆ ಬಂದು ಕುಳಿತಳು. ಆ ದಿನದ ನಂತರ ಅದೇ ಮೊದಲು. ಎಲ್ಲರೂ ಮುಖ ತಿರುಗಿಸಿ ನಿಂತರು. ಹದಿಮೂರು ಸಲ ಕೀಲಿ ಬಿದ್ದ ಸದ್ದು ಕೇಳಿಸಿತು. ಅವಳಿಗೆ ಜ್ವರ ಬಂದರೆ, ಮರೆತುಹೋದರೆ ಇರಲೆಂದು ಗ್ರಂಥಪಾಲಕಿ ಅದನ್ನು ಒಂದು ಕಾಗದದಲ್ಲಿ ಬರೆಸಿಕೊಂಡು, ಲಕೋಟೆಗೆ ಅಂಟು ಹಾಕಿ, ತನ್ನ ಮನೆಯ ಕಪಾಟಿನಲ್ಲಿ ಇಡಲು ಒಯ್ದಳು. ಗೋಡೆಯ ಮೇಲಾಗಲಿ ಪರದೆಯ ಅಂಚಿನಲ್ಲಾಗಲಿ ಬರೆದಂಟಿಸುವ ಪಾಸ್‌ವರ್ಡ್ ಬೀದಿಗೆ ತೆರೆದಿಟ್ಟ ಬಾಗಿಲೇ ಸರಿ ಎಂದು ಹೋಗುವಾಗ ಹೇಳಿದಳು.

ಮೂರು ವಾರದ ಮೇಲೆ ಮೊಹರಿನವನು ಹೊಸ ಅಕ್ಷರಶೈಲಿಗಳ ಕಟ್ಟೊಂದನ್ನು ಎಲ್ಲಿಂದಲೋ ಇಳಿಸಿಕೊಂಡು ಹಾಕಲು ಹೋದಾಗ ಯಂತ್ರ ತಡೆದು ಪಾಸ್‌ವರ್ಡ್ ಕೇಳಿತು. ಅವನು ಅಕ್ಕನನ್ನು ಕರೆದ. ಅವಳು ಕೈ ಒರೆಸಿಕೊಂಡು ಬಂದು, ಇದು ಎಲ್ಲಿಂದ ಬಂತು, ಏನೇನನ್ನು ಬದಲಿಸುತ್ತದೆ ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ.

“ಗೊತ್ತಾದ್ಮೇಲೆ ಕರಿ,” ಎಂದು ಅವಳು ತನ್ನ ಜಾಗಕ್ಕೆ ಹಿಂದಿರುಗಿದಳು.

ಅವನು ಪರದೆಯ ಚೌಕವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಅಕ್ಷರಗಳ ಜೊತೆಗೆ ಬೇರೆ ಎರಡು ತಂತ್ರಾಂಶಗಳೂ ಒಳನುಗ್ಗಲು ಕಾದಿದ್ದವು. ಅವನು ‘ಇಲ್ಲ’ ಒತ್ತಿದ. ಯಾರೂ ಅವನನ್ನು ಹೊಗಳಲಿಲ್ಲ. ಹೊಗಳಿಕೆಗೆ ತಾನು ಅರ್ಹನಲ್ಲವೆಂಬುದು ಅವನಿಗೂ ಗೊತ್ತಿತ್ತು.

ಅಕ್ಕನಿಗೆ ನಲವತ್ತೈದು ತುಂಬಿತು. ಅದಾದ ಕೆಲವು ದಿನಗಳಿಗೆ ಅವನ ಹೆಂಡತಿಯ ಮೊಣಕಾಲು ಊದಿಕೊಂಡು, ವೈದ್ಯರನ್ನು ಕಾಣುವ ಹೊತ್ತು ಕೇಳಲು ಅವನು ಆಸ್ಪತ್ರೆಗೆ ಕರೆ ಮಾಡಬೇಕಾಯಿತು. ಎರಡನೆಯ ಗಂಟೆಗೇ ಆ ಕಡೆಯಿಂದ ಒಂದು ಎಳೆಯ ದನಿ ನಮಸ್ಕಾರ ಹೇಳಿ, ಯಾವ ವಿಭಾಗ ಬೇಕೆಂದು ಕೇಳಿತು. ಅವನು ಕೇಳಬೇಕಾದುದನ್ನು ಕೇಳಿ, ಬರೆದುಕೊಂಡು, ದೂರವಾಣಿಯನ್ನು ಕೆಳಗಿಟ್ಟ. ಅಕ್ಕ ಮೇಜಿನ ಆ ತುದಿಯಲ್ಲಿ ಕುಳಿತಿದ್ದಳು.

“ಯಾರು ಎತ್ತಿದ್ರು?” ಎಂದು ಕೇಳಿದಳು.

“ಯಾರೋ ಹುಡುಗಿ.”

“ದನಿ ಹೇಗಿದೆ?”

“ಚೆನ್ನಾಗಿದೆ ಅಕ್ಕಾ.”

“ಸಮಾಧಾನವಾಗಿ ಮಾತಾಡ್ತಾಳಾ?”

“ಮಾತಾಡ್ತಾಳೆ.”

“ಒಳ್ಳೇದಾಯ್ತು,” ಎಂದು ಅವಳು ರಬ್ಬರಿನ ಅಂಚನ್ನು ಹುಡುಕಿ ಕತ್ತರಿಯನ್ನು ಕೈಗೆತ್ತಿಕೊಂಡಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ, ಸಂಘದ ಕಚೇರಿಯಲ್ಲಿ, ಅಂಗಡಿಯಲ್ಲಿ ಹಲವರು ಮುಟ್ಟುವ ಗಣಕಯಂತ್ರವಿದ್ದರೆ ಇಂದೇ ಅದರ ಮುಂದೆ ಕುಳಿತು ನೋಡಿ. ಅದು ಯಾರೆಂದು ಕೇಳದೆ ತೆರೆದುಕೊಳ್ಳುತ್ತದೆಯೇ? ಕುಳಿತವರಿಗೆಲ್ಲ ಪೂರ್ಣಾಧಿಕಾರ ಕೊಟ್ಟಿದೆಯೇ? ಕೊಟ್ಟಿದ್ದರೆ ಪ್ರತಿಯೊಬ್ಬರಿಗೂ ಸಾಮಾನ್ಯ ಖಾತೆಯೊಂದನ್ನು ತೆರೆಯಿರಿ. ವ್ಯವಸ್ಥೆಯನ್ನು ಬದಲಿಸುವ ಅಧಿಕಾರವನ್ನು ಬೇರೆಯಾಗಿರಿಸಿ, ತಾಳ್ಮೆಯಿರುವ ಒಬ್ಬರ ಕೈಗೆ ಒಪ್ಪಿಸಿ. ಅವರಿಲ್ಲದಾಗ ಬೇಕಾದೀತೆಂದು ಇನ್ನೊಬ್ಬ ನಂಬಿಕಸ್ಥರ ಬಳಿ ಮುಚ್ಚಿದ ಲಕೋಟೆಯೊಂದಿರಲಿ. ಮಾಡಲು ಬಾರದಿದ್ದರೆ ಬಲ್ಲವರನ್ನು ಕರೆಯಲು ನಾಚಬೇಡಿ. ಯಂತ್ರವು ಒಪ್ಪುವಿರಾ ಎಂದು ಕೇಳಿದಾಗ ಅದು ಏನನ್ನು ಕೇಳುತ್ತಿದೆಯೆಂದು ಪೂರ್ತಿ ಓದಿ. ತಿಳಿಯದಿದ್ದರೆ ‘ಇಲ್ಲ’ ಎನ್ನಿ. ‘ಇಲ್ಲ’ ಎಂದದ್ದನ್ನು ನಾಳೆ ‘ಹೌದು’ ಮಾಡಬಹುದು. ನಿಮಗೆ ಕಸವಾಗಿ ಕಂಡದ್ದು ನಿಮ್ಮ ಪಕ್ಕದಲ್ಲಿ ಕುಳಿತವರ ಕಣ್ಣಾಗಿರಬಹುದು. ಭಗವಂತನು ವಿವೇಕವನ್ನು ಎಲ್ಲರಿಗೂ ಕೊಟ್ಟಿದ್ದಾನೆ. ಮೊಹರಿನವನಿಗೂ ಕೊಟ್ಟಿದ್ದ, ಅವನು ಅದನ್ನು ಬಳಸುವ ಹೊತ್ತಿಗೆ ಹತ್ತೂಕಾಲು ಕಳೆದುಹೋಗಿತ್ತು. ನಿಮಗಿನ್ನೂ ಹೊತ್ತಿದೆ. ದಯವಿಟ್ಟು ಏಳಿ, ಈಗಲೇ ನೋಡಿ.